ಅಕ್ಕನ ಮಣ್ಣಿನ ಗುಡ್ಡೆ

ಜಲ್ಲಿ ಗಣಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಡ್ಡೆಯಣ್ಣ ಎಂದು. ಲೋಡರ್ ಓಡಿಸುವವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಮಣ್ಣಿನ ಗುಡ್ಡೆಯೊಂದನ್ನು ಹಸುಗೂಸಿನ ಹಾಗೆ ಸಾಕುತ್ತಿದ್ದವನು ಅವನೊಬ್ಬನೇ. "ಏನಣ್ಣ, ಕೂಸು ಮಲಗಿತಾ?" ಎಂದು ಲಾರಿಯವರು ಕಿಚಾಯಿಸಿದರೆ ನಕ್ಕುಬಿಡುತ್ತಿದ್ದ.

ಅದು ಅವನ ಅಕ್ಕನ ಹೊಲದ ಮೇಲ್ಮಣ್ಣು. ಸುತ್ತಲಿನ ಹೊಲಗಳೆಲ್ಲ ಗಣಿಗೆ ಹೋಗಿ, ಅವಳ ಈರುಳ್ಳಿ ಪಾತಿಗಳ ಅಂಚು ಗಣಿ ತೋಡಿದ ಹಳ್ಳಕ್ಕೆ ಕುಸಿಯತೊಡಗಿದಾಗ ಅಕ್ಕನಿಗೆ ಬೇರೆ ದಾರಿ ಉಳಿಯಲಿಲ್ಲ. ಆದರೂ ಒಪ್ಪಲು ತಿಂಗಳುಗಟ್ಟಲೆ ಸತಾಯಿಸಿದಳು. ಒಪ್ಪಿಸಿದವನು ತಮ್ಮನೇ.

"ಮೇಲಿನ ಮಣ್ಣನ್ನ ನಾನೇ ಬೇರೆ ತೆಗೆದಿಡ್ತೀನಿ ಕಣಕ್ಕ. ಜಲ್ಲಿ ಮುಗಿದು ಹಳ್ಳ ತುಂಬಿದ ಮೇಲೆ ನಾನೇ ವಾಪಸ್ ಹಾಸ್ತೀನಿ. ಬೇರೆಯವರ ಕೈಗೆ ಬಿಡಲ್ಲ."

"ನಿನ್ನ ನಂಬಿ ಕೊಡ್ತಿದೀನಿ. ಅವರನ್ನಲ್ಲ," ಎಂದಿದ್ದಳು ಅಕ್ಕ.

ಅವನು ಮಾತು ಉಳಿಸಿಕೊಂಡ. ಉಳಿಸಿಕೊಂಡ ರೀತಿಯೇ ಎಡವಟ್ಟಾಯಿತು. ಉಳಿದವರ ಮೇಲ್ಮಣ್ಣು ಅಲ್ಲಲ್ಲಿ ತಗ್ಗಾಗಿ ಹರಡಿಕೊಂಡು ಹುಲ್ಲು ಹತ್ತಿಸಿಕೊಂಡಿತ್ತು. ಅಕ್ಕನ ಮಣ್ಣಿಗೆ ಆ ಗತಿ ಬರಬಾರದೆಂದು ಇವನು ಮನೆಯೆತ್ತರ ಪೇರಿಸಿದ. ಮಳೆಗೆ ಒಂದು ಹಿಡಿಯೂ ಕೊಚ್ಚಿಹೋಗದಿರಲೆಂದು ಮೇಲೆ ಲೋಡರ್ ಹತ್ತಿಸಿ, ಹಿಂದೆ ಮುಂದೆ ಓಡಿಸಿ, ಗಟ್ಟಿಯಾಗಿ ಅದುಮಿದ. ಮೇಲೊಂದು ಟಾರ್ಪಾಲು ಬಿಗಿದ. ಅಂಚಿನಲ್ಲಿ ಹುಲ್ಲು ತಲೆಯೆತ್ತಿದರೆ ಕಿತ್ತೆಸೆದ. ಅಕ್ಕ ತನ್ನ ಪಾತಿಯಲ್ಲಿ ಒಂದೇ ಒಂದು ಕಳೆಯನ್ನೂ ಸಹಿಸಿದವಳಲ್ಲವಲ್ಲ.

"ಮಣ್ಣಿಗೆ ಉಸಿರು ಕಟ್ಟುತ್ತೆ ಕಣಯ್ಯ, ತಗ್ಗಾಗಿ ಹರಡು, ಹುಲ್ಲು ಬೆಳೀಲಿ ಬಿಡು," ಎಂದು ಮೇಲ್ವಿಚಾರಕ ಒಮ್ಮೆ ಹೇಳಿದ್ದುಂಟು. ಮಳೆಗೆ ಕೊಚ್ಚಿಹೋದರೆ ಈ ಮೇಲ್ವಿಚಾರಕನಿಗೇನು ನಷ್ಟ ಎಂದುಕೊಂಡು ಗುಡ್ಡೆಯಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ.

ವರ್ಷಗಳು ಕಳೆದು ಜಲ್ಲಿ ಮುಗಿಯಿತು, ಹಳ್ಳಕ್ಕೆ ಕಲ್ಲುಮಣ್ಣು ತುಂಬಿಸಿದರು. ಟಾರ್ಪಾಲು ಬಿಚ್ಚಿ ಲೋಡರಿನಿಂದ ಮೊದಲ ಬಕೆಟ್ ಮಣ್ಣು ಎತ್ತಿ, ಇಳಿದು ನೋಡಿದ. ಮೇಲೆ ಗೇಣಷ್ಟು ಮಾತ್ರ ಕಂದು. ಒಳಗೆಲ್ಲ ಬೂದು ಬಣ್ಣದ ಹೆಂಟೆಗಳು, ಚರಂಡಿಯ ನಾತ. ಕೈ ಹಾಕಿ ಕೆದಕಿದ. ಒಂದು ಎರೆಹುಳುವೂ ಸಿಗಲಿಲ್ಲ.

"ಗೊಬ್ಬರ ಹಾಕಿ, ಹುಲ್ಲು ಬೆಳೆಸಿ ಕಾಯ್ಬೇಕು. ವರ್ಷಾನುಗಟ್ಟಲೆ ಹಿಡಿಯುತ್ತೆ," ಎಂದ ಮೇಲ್ವಿಚಾರಕ. ಬೈದಿದ್ದರೂ ಒಳ್ಳೆಯದಿತ್ತು. ಅವನು ಬೈಯಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಈಚೆಗೆ ಅವಳು ನಡು ಬಗ್ಗಿಸಿಕೊಂಡೇ ನಡೆಯುತ್ತಿದ್ದಳು. ಒಂದು ಹೆಂಟೆ ಎತ್ತಿಕೊಂಡು ಮೂಸಿ ನೋಡಿದಳು.

"ಇದು ನನ್ನ ಮಣ್ಣೇನೋ?"

ಯಾರೋ ಬದಲಾಯಿಸಿಬಿಟ್ಟರು ಎನ್ನಬಹುದಿತ್ತು. ತಪ್ಪನ್ನು ಗಣಿಯವರ ಮೇಲೆ ಹಾಕಿದ್ದರೆ ಊರೇ ನಂಬುತ್ತಿತ್ತು.

"ನಿಂದೇ ಅಕ್ಕ. ಬೇರೆ ಯಾರೂ ಮುಟ್ಟಿಲ್ಲ. ಕೊಚ್ಚಿಹೋಗದಿರಲಿ ಅಂತ ನಾನೇ ತುಳಿದಿಟ್ಟೆ."

ಅಕ್ಕ ಹೆಂಟೆಯನ್ನು ಅಂಗೈಯಲ್ಲಿ ಒತ್ತಿದಳು. ಅದು ಪುಡಿಯಾಗಲಿಲ್ಲ.

"ನಾನು ಬದುಕಿರೋವಾಗ್ಲೇ ಸರಿಹೋಗುತ್ತಾ?"

ತಮ್ಮನ ಮುಖ ನೋಡಿ ಅವಳು ಎರಡನೇ ಸಲ ಕೇಳಲಿಲ್ಲ. "ಸರಿ, ಹಾಸು. ಇನ್ನೇನು ಮಾಡೋಕಾಗುತ್ತೆ," ಎಂದು ಬದುವಿನ ಮೇಲೆ ಹೋಗಿ ನಿಂತಳು.

ಅವನು ಲೋಡರ್ ಹತ್ತಿದ. ಮಣ್ಣು ಸುರಿದ, ಹರಡಿದ, ಮುಂದಿನ ಬಕೆಟ್ ತರಲು ಅದರ ಮೇಲೆಯೇ ಗಾಲಿ ಹಾಯಿಸಿದ. ಗಾಲಿಯಡಿ ಮಣ್ಣು ಮತ್ತೆ ಅದುಮಿಕೊಂಡಿತು. ಹಾಸಲು ಅವನಿಗೆ ಗೊತ್ತಿದ್ದದ್ದು ಅದೊಂದೇ ರೀತಿ.

"ಮೆಲ್ಲಗೆ ಕಣೋ," ಎಂದಳು ಅಕ್ಕ.

ಅವನು ಮೆಲ್ಲಗೇ ಓಡಿಸಿದ. ಎಷ್ಟು ಮೆಲ್ಲಗೆ ಓಡಿಸಿದರೂ ಲೋಡರಿನ ತೂಕ ಕಡಿಮೆಯಾಗುವುದಿಲ್ಲ.