ದೊರೆ ಕುಡಿದ ಮಾತು

ಕನ್ನಡ ಕಲಿಸುವುದಕ್ಕೆ ಪಂಡಿತನೇ ಆಗಬೇಕೆಂದಿಲ್ಲ. ಕಡೂರಿನ ರೈಲು ನಿಲ್ದಾಣದಲ್ಲಿ ಮೂಟೆ ಹೊರುತ್ತ ಇಂಗ್ಲಿಷ್ ಕಲಿತ ನಾನು, ತರೀಕೆರೆಯಲ್ಲಿ ಸ್ಪೇನ್ ದೇಶದ ಒಬ್ಬ ಎಂಜಿನಿಯರಿಗೆ ಕನ್ನಡ ಕಲಿಸಿದೆ. ಬೆಟ್ಟದ ಅದಿರಿನ ಕೆಲಸಕ್ಕೆ ಬಂದಿದ್ದ ಆತನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಸಾಮಾನು ಸಾಗಿಸಲು ಅಜ್ಜಂಪುರದಿಂದ ಎತ್ತಿನ ಗಾಡಿಗಳನ್ನು ಗೊತ್ತುಮಾಡಿ ತಂದವನೂ ನಾನೇ.

ಮೊದಲು ಸುಲಭದ್ದನ್ನು ಹಿಡಿದೆ. ಮಾಡು, ಮಾಡಿದೆ. ನೋಡು, ನೋಡಿದೆ. ಹಾಡು, ಹಾಡಿದೆ. ಎರಡೇ ದಿನದಲ್ಲಿ ಗಿಣಿಯಂತೆ ಒಪ್ಪಿಸಿದ. ನಾನೂ ಬೀಗಿದೆ.

ಆ ವಾರವೇ ಏರಿನಲ್ಲಿ ಭಾರ ತಾಳದೆ ಒಂದು ಎತ್ತು ಮಂಡಿಯೂರಿ ಬಿತ್ತು. ಮಾರನೆಯ ಬೆಳಿಗ್ಗೆ ಗಾಡಿಯವರೆಲ್ಲ ಸೇರಿ, ಇನ್ನು ಅರ್ಧ ಹೇರು ಮಾತ್ರ ಎಂದು ದೊರೆಯೇ ಬಾಯಿಬಿಟ್ಟು ಹೇಳಲಿ, ಇಲ್ಲವಾದರೆ ಊರಿಗೆ ಹೊರಟೆವು ಎಂದು ನಿಂತರು. ಅವರು ಹೊರಟರೆ ನನ್ನನ್ನು ನಂಬಿ ಅಜ್ಜಂಪುರದಲ್ಲಿ ಮತ್ತೆ ಯಾರೂ ಗಾಡಿ ಹೂಡುವವರಿರಲಿಲ್ಲ. ದೊರೆ ಒಪ್ಪಿದ. ಎದೆಯ ಮೇಲೆ ಕೈಯಿಟ್ಟು ಕನ್ನಡದಲ್ಲೇ ಹೇಳಿದ:

"ಅರ್ಧ ಹೇರು. ನಾನು ಮಾತು ಕೊಡಿದೆ."

ನಾನು ಕಲಿಸಿದ ಜಾಡಿನಲ್ಲೇ ಹೋಗಿದ್ದ. ಆದರೆ ಆತನ ನಾಲಿಗೆಯಲ್ಲಿ ಅದು 'ಕುಡಿದೆ' ಎಂದೇ ಕೇಳಿಸಿತು.

"ಏನಂದ? ಮಾತು ಕುಡುದ್ನಂತಾ?" ಎಂದ ಹಿರಿಯ ಗಾಡಿಯವನು. "ಎದುರ್ಗೇ ನಿಂತ್ಕಂಡು ಮಾತ್ ನುಂಗ್ದೆ ಅಂತಾನಲ್ರಪ್ಪಾ! ಲೇ, ಹೂಡ್ರೋ ಗಾಡಿ!"

"ತಡ್ಕಳಣ್ಣಾ," ಎಂದೆ. "ತಪ್ಪು ಅವರ್ದಲ್ಲ, ಕಲ್ಸಿದೋನ್ದು."

"ಅಂಗಾದ್ರೆ ಕಲ್ಸಿದೋನ್ ಹೆಗಲ್ಗೇ ನೊಗ ಇಡಾಣಾ?"

ಎಲ್ಲರೂ ನಕ್ಕರು. ಎದುರಿನವರು ನಗುತ್ತಿರುವಾಗ ವ್ಯವಹಾರ ಇನ್ನೂ ಮುರಿದಿಲ್ಲ ಎಂದೇ ತಿಳಿಯಿರಿ. ಆದರೂ ಹುಡುಗರು ಎತ್ತು ಹೂಡುತ್ತಲೇ ಇದ್ದರು.

ಅವರ ಕಿವಿಗೆ ಅದು 'ಕುಡಿದೆ' ಎಂದು ಬಿದ್ದದ್ದನ್ನು ದೊರೆಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಒಂದು ತೆಂಗಿನಕಾಯಿಯನ್ನು ಆತನ ಕೈಗಿಟ್ಟು "ಕೊಟ್ಟೆ" ಎಂದೆ. ಕಿತ್ತುಕೊಂಡು "ತಗೊಂಡೆ" ಎಂದೆ. ನೆಲದ ಮೇಲಿಟ್ಟು "ಇಟ್ಟೆ" ಎಂದೆ. ಆತ ಒಂದೊಂದನ್ನೂ ಕೈಯಲ್ಲಿ ಮಾಡಿ ಬಾಯಲ್ಲಿ ಹೇಳಿದ.

"ನಮ್ಮ ಭಾಷೆಯಲ್ಲೂ ಹೀಗೇ, ದಿನಾ ಬೇಕಾಗುವ ಮಾತುಗಳೇ ಸೊಟ್ಟ," ಎಂದು ಇಂಗ್ಲಿಷಿನಲ್ಲಿ ಗೊಣಗಿದ.

ಸೊಟ್ಟಗಿರುವ ಮಾತಿಗೆ ನಿಯಮ ಹುಡುಕುತ್ತ ಕೂರಬೇಡಿ. ಕೈಗೆ ಕೆಲಸ ಕೊಡಿ, ನಾಲಿಗೆ ತಾನಾಗಿ ಹೊರಳುತ್ತದೆ.

ದೊರೆ ನಾನು ಕುಡಿಯಲೆಂದು ಪಕ್ಕದಲ್ಲಿಟ್ಟುಕೊಂಡಿದ್ದ ಮಜ್ಜಿಗೆಯ ಲೋಟವನ್ನು ಎತ್ತಿ ಒಂದೇ ಗುಟುಕಿಗೆ ಖಾಲಿ ಮಾಡಿದ. ಅದನ್ನು ಬೋರಲು ಹಿಡಿದು ತೋರಿಸಿ, "ಇದು ಕುಡಿದೆ," ಎಂದ. ಆಮೇಲೆ ಹಿರಿಯನ ಕೈ ಹಿಡಿದು, "ಮಾತು ಕೊಟ್ಟೆ," ಎಂದ.

ಹಿರಿಯ ಆ ಕೈಯನ್ನು ಬಿಡದೆ ಹಿಂದಕ್ಕೆ ಕೂಗಿದ:

"ಹೂಡಿದ್ದಾಯ್ತಲ್ರೋ, ಇನ್ಯಾಕೆ ಬಿಚ್ಚೋದು? ಅರ್ಧ ಹೇರ್ ಏರ್ಸ್ಕಂಡು ಬೆಟ್ಟದ್ ಕಡೀಕೆ ತಿರುಗ್ಸ್ರೋ!"