ಕ್ಲಚ್ಚಕ್ಕನ ಕಾರು ಲಾರಿ ಹತ್ತಿದ್ದು

ಆ ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಮುಕ್ಕಾಲು ಪಾಲು ಕ್ಲಚ್ಚಕ್ಕನ ಕೈಯಲ್ಲಿ ಪಳಗಿದವರು. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು, ಅದು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. "ಕ್ಲಚ್ ಬಿಡು, ಮೆಲ್ಲಗೆ ಬಿಡು, ಮಲಗಿರೋ ಮಗು ಹಿಡ್ಕೊಂಡಿರೋ ಬೆರಳು ಬಿಡಿಸ್ಕೊಳ್ಳೋ ಹಾಗೆ ಬಿಡು" ಎಂದು ದಿನವಿಡೀ ಹೇಳಿ ಹೇಳಿ ಕ್ಲಚ್ಚಕ್ಕ ಎಂಬ ಹೆಸರು ಅಂಟಿಕೊಂಡಿತು. ಅವಳು ಅಕ್ಕ ಎಂದ ಮೇಲೆ ಅವಳ ಗಂಡ ಭಾವನಾಗಲೇಬೇಕಲ್ಲ. ಮಾರುಕಟ್ಟೆಯ ಹಿಂದೆ ಕನ್ನಡಕದಂಗಡಿ ಇಟ್ಟುಕೊಂಡಿದ್ದ ಆ ಸಾಧು ಮನುಷ್ಯ ಊರಿನ ಹೆಂಗಸರಿಗೆಲ್ಲ ಭಾವ. ಭಾವನನ್ನು ಗೇಲಿ ಮಾಡುವ ಹಕ್ಕು ನಾದಿನಿಯರಿಗೆ ಹುಟ್ಟಿನಿಂದಲೇ ಬಂದದ್ದು, ಅವರೂ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ಗೇಲಿಗೆ ವಸ್ತು ಒಂದೇ. ಊರೊಳಗೆ ಕ್ಲಚ್ಚಕ್ಕ ಸ್ಟೀರಿಂಗ್ ಹಿಡಿದರೆ ರಾಣಿ. ಊರು ದಾಟಿ ಹೆದ್ದಾರಿ ಸೇರುವ ಮೊದಲು ಒಂದು ಪೆಟ್ರೋಲ್ ಬಂಕ್ ಇತ್ತು. ಅಲ್ಲಿಗೆ ಬಂದ ಕೂಡಲೇ ಕಾರು ನಿಲ್ಲುತ್ತಿತ್ತು, ಗಂಡಹೆಂಡತಿ ಸೀಟು ಬದಲಾಯಿಸುತ್ತಿದ್ದರು. ಅದನ್ನು ನೋಡದವರಿಲ್ಲ. "ಏನ್ ಭಾವ, ಊರಿಗೆಲ್ಲ ಕಲಿಸೋಳನ್ನ ಹೈವೇಲಿ ನಂಬಲ್ವಾ ನೀವು?" ಎಂದರೆ ಅವನು ನಕ್ಕು, "ಗಂಡಸು ಅಂದ್ಮೇಲೆ ಸ್ವಲ್ಪ ಜಂಬ ಬೇಡ್ವೇನಮ್ಮಾ" ಎನ್ನುತ್ತಿದ್ದ.

ನಿಜ ಗೊತ್ತಿದ್ದದ್ದು ಇಬ್ಬರಿಗೇ. ಡ್ರೈವಿಂಗ್ ಶಾಲೆ ತೆರೆದ ಹೊಸತರಲ್ಲಿ ಒಮ್ಮೆ ಅವಳು ಹೆದ್ದಾರಿಗೆ ಇಳಿದಿದ್ದಳು. ಪಕ್ಕದಲ್ಲೊಂದು ಭಾರೀ ಲಾರಿ ಕನ್ನಡಿಗೆ ಉಜ್ಜುವಂತೆ ಹಾದುಹೋಯಿತು. ಅಷ್ಟೇ. ಡಿಕ್ಕಿಯಿಲ್ಲ, ಗೀರಿಲ್ಲ. ಆದರೆ ಅವಳ ಕೈ ಸ್ಟೀರಿಂಗಿಗೆ ಅಂಟಿಹೋಯಿತು, ಕಾಲು ಯಾರದೋ ಕಾಲಿನಂತಾಯಿತು. ನಡುರಸ್ತೆಯಲ್ಲಿ ನಿಂತ ಕಾರನ್ನು ಗಂಡನೇ ಇಳಿದು ತಳ್ಳಿ ಅಂಚಿಗೆ ತಂದಿದ್ದ. ಆಮೇಲೆ ಹೈವೇಲಿ ಯಾಕೆ ಓಡಿಸಲ್ಲ ಎಂದು ಯಾರೋ ಕೇಳಿದಾಗ "ಇವರು ಬಿಡಲ್ಲ ಕಣೇ" ಎಂದು ಬಾಯಿತಪ್ಪಿ ಅಂದಳು. ಬಾಯಿತಪ್ಪಿದ ಮಾತು ಬೇರುಬಿಟ್ಟಿತು. ಅವನೂ ಕಿತ್ತುಹಾಕಲಿಲ್ಲ, ಅವಳೂ ಕಿತ್ತುಹಾಕಲಿಲ್ಲ.

ಈಗ ದೂರದ ಬಂದರು ನಗರದಲ್ಲಿ ಅವಳ ತಂಗಿ ಅಂಥದೇ ಶಾಲೆ ತೆರೆದಿದ್ದಳು. ಕಲಿಯುವವರ ಸಾಲು ಬೆಳೆದು, "ಅಕ್ಕಾ, ನನ್ನೊಬ್ಬಳ ಕೈಲಿ ಆಗ್ತಿಲ್ಲ, ಬಂದ್ಬಿಡು. ಆ ಕಾರನ್ನೂ ತಗೊಂಡು ಬಾ, ಎರಡು ಕಡೆ ಬ್ರೇಕ್ ಇರೋ ಕಾರು ಇಲ್ಲಿ ಸುಲಭಕ್ಕೆ ಸಿಗಲ್ಲ" ಎಂದು ದುಂಬಾಲು ಬಿದ್ದಳು. ಅಂಗಡಿಯ ಜಾಗವನ್ನು ಒಡೆಯರು ಕೇಳುತ್ತಿದ್ದರು, ಗಂಡನಿಗೂ ಸಾಕಾಗಿತ್ತು. ಹೊರಡುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಅವನ ಮಂಡಿಗೆ ಆಪರೇಷನ್ ಆಗಿ, ಕೋಲು ಹಿಡಿದು ನಡೆಯುವ ಹಾಗಾಯಿತು. ಕಾರು ಓಡಿಸುವ ಮಾತು ದೂರವೇ ಉಳಿಯಿತು.

ಕಲಿತ ಹೆಂಗಸರಿಗೆ ಈ ಸುದ್ದಿ ತಿಳಿದಾಗ ಸಂಭ್ರಮವೋ ಸಂಭ್ರಮ. "ಈಗಲಾದ್ರೂ ಅಕ್ಕನ ಕೈಗೆ ಹೈವೇ ಸಿಕ್ತು!" ಎಂದವಳು ಬ್ಯಾಂಕಿನವಳು. ಬ್ಯಾಂಕಿನಲ್ಲಿ ಕೆಲಸ, ಗಂಟಲು ಮಾತ್ರ ಸಂತೆಯದು. ಹೊರಡುವ ದಿನ ಎಲ್ಲರೂ ತಮ್ಮ ತಮ್ಮ ಕಾರಿನಲ್ಲಿ ಊರ ಗಡಿವರೆಗೆ ಹಿಂದೆ ಬಂದು ಕಳಿಸಿಕೊಡುವುದೆಂದು ಅವಳೇ ಗೊತ್ತುಮಾಡಿದಳು. ಕ್ಲಚ್ಚಕ್ಕ "ಹೂಂ, ಎರಡು ದಿನದ ದಾರಿ, ಏನ್ ಮಹಾ" ಎಂದಳು. ಹಾಗೆಂದ ಮೇಲೆ ಒಳಗೆ ಹೋಗಿ ನೀರು ಕುಡಿದಳು.

ಮರುದಿನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಕಾರು ಸಾಗಿಸುವ ಕಂಪನಿಯೊಂದಕ್ಕೆ ಫೋನು ಮಾಡಿದಳು.

"ಮೇಡಂ, ತೆರೆದ ಲಾರಿನಾ, ಮುಚ್ಚಿದ ಲಾರಿನಾ?" ಎಂದ ಆ ಕಡೆಯವನು.

"ಮುಚ್ಚಿದ್ದು."

"ತುಂಬಾ ಬೆಲೆಬಾಳೋ ಗಾಡಿಗೆ ಮಾತ್ರ ಅದು ತಗೋತಾರೆ. ನಿಮ್ಮದು ಹೊಸದಾ?"

"ಇಲ್ಲ. ಹಳೇದು. ತುಂಬಾ ಹಳೇದು."

"ಹಂಗಾದ್ರೆ ತೆರೆದ ಲಾರಿ ಸಾಕಲ್ವಾ ಮೇಡಂ? ಬಿಸಿಲಿಗೆ ಏನೂ ಆಗಲ್ಲ."

"ಬಿಸಿಲಿಗಲ್ಲಪ್ಪ," ಎಂದಳು, ಮುಂದೆ ಏನು ಹೇಳಬೇಕೆಂದು ತಿಳಿಯದೆ. "ಮುಚ್ಚಿದ್ದೇ ಇರಲಿ."

ಕಾರಿನ ಎರಡೂ ಬಾಗಿಲ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ "ಹೆದರಿಕೆ ಬಿಡಿ, ಗೇರ್ ಹಾಕಿ" ಎಂದು ಬರೆದಿತ್ತು. ಅದು ಲಾರಿಯ ಬೆನ್ನೇರಿ, ಊರ ಮುಂದೆ ಮೆರವಣಿಗೆ ಹೋಗುವುದನ್ನು ನೆನೆದರೇ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಲಿ, ಡಿಕ್ಕಿಯಲ್ಲಿ ಸಾಮಾನು ಬೇಡ, ಗೀರುಗಳ ಫೋಟೋ ತೆಗೆದುಕೊಳ್ಳುತ್ತೇವೆ ಎಂದ ಕಂಪನಿಯವನು. ಲಾರಿ ಬೀದಿಯೊಳಗೆ ಬರುವುದಿಲ್ಲ, ಕಂಪನಿಯ ಡ್ರೈವರ್ ಮನೆಗೆ ಬಂದು ಕಾರನ್ನು ಹೆದ್ದಾರಿ ಪಕ್ಕದ ಅಂಗಳಕ್ಕೆ ಒಯ್ಯುತ್ತಾರೆ ಎಂದೂ ಹೇಳಿದ. ಎಲ್ಲರೂ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ, ಹೊರಡುವ ಹಿಂದಿನ ದಿನ ಹನ್ನೊಂದು ಗಂಟೆಗೆ ಬರಲು ಹೇಳಿದಳು. ಕಾರನ್ನು ಸಾಗಹಾಕಿ, "ರಾತ್ರಿ ದಿಢೀರನೆ ಕೆಟ್ಟುಹೋಯ್ತು, ಗ್ಯಾರೇಜಿಗೆ ಬಿಟ್ಟಿದ್ದೀನಿ" ಎನ್ನುವ ಸುಳ್ಳನ್ನೂ ಹೊಲಿದಿಟ್ಟಿದ್ದಳು.

ಗಂಡನಿಗೆ ಮಾತ್ರ ನಿಜ ಹೇಳಿದಳು. ಅವನು ಕನ್ನಡಕದ ಮೇಲಿಂದ ನೋಡಿ, "ಅವರಿಗೆ ಹೇಳ್ಬಿಡು. ಏನಾಗುತ್ತೆ?" ಎಂದ.

"ನಿಮಗೇನು, ಹೇಳೋದು ಸುಲಭ" ಎಂದು ಸಿಡುಕಿದಳು.

ಆದರೆ ಅಂದು ಕಾರು ಒಯ್ಯಲು ಬಂದ ಡ್ರೈವರ್ ಯಾರು ಅಂತೀರಿ? ಕಡ್ಡಿ. ಅವಳ ಬಳಿಯೇ ಕಲಿತವಳು. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದ ಆ ಹುಡುಗಿಗೆ ಕಡ್ಡಿ ಎಂದು ಹೆಸರಿಟ್ಟದ್ದೂ ಕ್ಲಚ್ಚಕ್ಕನೇ. ಕಂಪನಿಯ ಹಸಿರು ಅಂಗಿ ತೊಟ್ಟು ಗೇಟಿನಲ್ಲಿ ನಿಂತು, "ಅಕ್ಕಾ! ವಿಳಾಸ ನೋಡಿದಾಗ್ಲೇ ಅಂದ್ಕೊಂಡೆ! ಬ್ಯಾಂಕಿನವರಿಗೂ ಫೋನ್ ಮಾಡ್ದೆ, ಏನು ಅಕ್ಕ ಕಾರು ಕಳಿಸ್ತಿದ್ದಾರಂತಲ್ಲ ಅಂತ. ಅವರಿಗೆ ಗೊತ್ತೇ ಇರ್ಲಿಲ್ಲ!" ಎಂದು ಬಾಯ್ತುಂಬ ನಕ್ಕಳು.

ಕಡ್ಡಿ ಕಾರಿನ ಸುತ್ತ ಬಂದು ಫೋಟೋ ತೆಗೆಯುತ್ತಾ, ಹಿಂದಿನ ಬಂಪರಿನ ತಗ್ಗನ್ನು ಸವರಿ, "ಇದು ನಂದು, ಶಾಲೆ ಗೋಡೆಗೆ ಗುದ್ದಿದ್ದು" ಎನ್ನುವಷ್ಟರಲ್ಲಿ ಬ್ಯಾಂಕಿನವಳ ಕಾರು ಬಂದು ನಿಂತಿತು. ಊಟದ ಬಿಡುವನ್ನು ಮುಂಚೆಯೇ ತೆಗೆದುಕೊಂಡು ಬಂದಿದ್ದಳು. ಹಿಂದೆಯೇ ಇನ್ನಿಬ್ಬರು.

"ಇದೇನಕ್ಕಾ? ನೀವು ಓಡಿಸ್ಕೊಂಡು ಹೋಗ್ತೀನಿ ಅಂದಿದ್ರಲ್ಲ?"

ಗಂಡ ಕೋಲೂರಿಕೊಂಡು ಆಗತಾನೇ ಬಾಗಿಲಿಗೆ ಬಂದಿದ್ದ. ಕ್ಲಚ್ಚಕ್ಕ ಅವನತ್ತ ನೋಡಲಿಲ್ಲ. ಹೊಲಿದಿಟ್ಟ ಸುಳ್ಳು ಈ ಅಳತೆಗೆ ಹೊಂದುತ್ತಿರಲಿಲ್ಲ, ಹಳೆಯದೊಂದು ಕೈಗೆ ಸಿಕ್ಕಿತು.

"ಏನ್ ಮಾಡ್ಲಿ, ಇವರು ಬೇಡ ಅಂದ್ಬಿಟ್ರು. ಕಂಪನಿಗೆ ಹೇಳಿ ಎಲ್ಲಾ ಗೊತ್ತು ಮಾಡಿದ್ದಾರೆ."

ಬ್ಯಾಂಕಿನವಳಿಗೆ ಈ ಸಲ ನಗು ಬರಲಿಲ್ಲ. "ಭಾವ, ಇಷ್ಟು ದಿನ ತಮಾಷೆಗೆ ಅಂದ್ಕೊಂಡಿದ್ವಿ. ಇದು ಅತಿಯಾಯ್ತು. ನಿಮ್ಮ ಕಾಲು ಆಡದೇ ಇದ್ರೆ ಅವರ ಕಾಲನ್ನೂ ಕಟ್ಟಿಹಾಕ್ಬೇಕಾ? ಅವರು ನಿಮ್ಮ ಹೆಂಡತಿ, ನಿಮ್ಮ ಅಂಗಡಿ ಸಾಮಾನಲ್ಲ."

ಅವನು ಹೆಂಡತಿಯನ್ನು ನೋಡಿದ. ಒಂದೇ ಸಲ. ಆಮೇಲೆ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಹೌದಮ್ಮ. ನಾನೇ ಬೇಡ ಅಂದೆ. ನನ್ನ ಬುದ್ಧಿ ಅಷ್ಟೇ" ಎಂದು ಒಳಗೆ ಹೋದ. ಈ ಸಲ ಜಂಬದ ತಮಾಷೆ ಬಾಯಿಗೆ ಬರಲಿಲ್ಲ ಅವನಿಗೆ.

ಹಿಂದೆಲ್ಲ ಕ್ಲಚ್ಚಕ್ಕ ಇಲ್ಲದಾಗ ನಡೆಯುತ್ತಿದ್ದ ಗೇಲಿ ಅದು. ಕಣ್ಣೆದುರಿಗೆ ನೋಡಿದ್ದು ಇದೇ ಮೊದಲು.

ಅಲ್ಲಿ ನಿಲ್ಲಲಾರದೆ, "ಬಾ, ಅಂಗಳದವರೆಗೆ ನಾನೂ ಬರ್ತೀನಿ" ಎಂದು ಕಡ್ಡಿಯ ಪಕ್ಕದ ಸೀಟಿನಲ್ಲಿ, ಕಲಿಸುವವರ ಸೀಟಿನಲ್ಲಿ, ಹತ್ತಿ ಕೂತಳು. ಪೆಟ್ರೋಲ್ ಬಂಕ್ ಬಂತು, ಹೋಯಿತು. ಕಡ್ಡಿ ಲೀಲಾಜಾಲವಾಗಿ ಹೆದ್ದಾರಿಗೆ ಸೇರಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಕಾರು ಇದ್ದಕ್ಕಿದ್ದಂತೆ ಜಗ್ಗಿತು. ಹಿಂದಿನ ಲಾರಿ ಕಿವಿ ಹರಿಯುವಂತೆ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಯಿತು.

"ಅಕ್ಕಾ, ಬ್ರೇಕ್ ಒತ್ತಿದ್ರಾ?"

"ಇಲ್ವಲ್ಲ."

ಮತ್ತೊಮ್ಮೆ ಜಗ್ಗಿತು. ಕಡ್ಡಿ ಬಗ್ಗಿ ನೋಡಿದಳು. ಕ್ಲಚ್ಚಕ್ಕನ ಬಲಗಾಲು ತನ್ನ ಕಡೆಯ ಬ್ರೇಕಿನ ಮೇಲೆ ಗಟ್ಟಿಯಾಗಿ ಊರಿತ್ತು. ಹಣೆಯ ಮೇಲೆಲ್ಲ ಬೆವರು.

"ಅಕ್ಕಾ, ಕಾಲು ತೆಗೀರಿ. ಇಬ್ರೂ ಹೋಗ್ಬಿಡ್ತೀವಿ. ಕಾಲು ಮೇಲೆ ಮಡಚ್ಕೊಂಡು ಕೂತ್ಕೊಳ್ಳಿ."

ಊರಿನ ಅರ್ಧ ಹೆಂಗಸರನ್ನು ಗದರಿಸಿದ್ದ ಕ್ಲಚ್ಚಕ್ಕ ಚಪ್ಪಲಿ ಕಳಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತಳು.

ಅಂಗಳದಲ್ಲಿ ಉದ್ದದ ಮುಚ್ಚಿದ ಲಾರಿ ಹಿಂದಿನ ಹಲಗೆಯನ್ನು ಬಾಲದಂತೆ ಇಳಿಬಿಟ್ಟುಕೊಂಡು ನಿಂತಿತ್ತು. ಕಡ್ಡಿ ಕಾರನ್ನು ಮೇಲೇರಿಸಿ ಬಂದಳು, ಕೆಲಸದವರು ಚಕ್ರಗಳಿಗೆ ಪಟ್ಟಿ ಬಿಗಿಯತೊಡಗಿದರು. ಇಬ್ಬರೂ ಗೋಡೆಯ ನೆರಳಿನಲ್ಲಿ ನಿಂತರು.

"ಎಷ್ಟು ದಿನದಿಂದ?" ಎಂದಳು ಕಡ್ಡಿ.

"ಮೊದಲಿಂದ."

"ಹಂಗಾದ್ರೆ ಭಾವ?"

"ಅವರು ಯಾವತ್ತೂ ಬೇಡ ಅಂದವರಲ್ಲ."

ಕಡ್ಡಿ ಕೈಯಲ್ಲಿದ್ದ ಕಾರಿನ ಕೀಲಿಯನ್ನು ತಿರುಗಿಸಿದಳು. ಆಮೇಲೆ ಮೆಲ್ಲಗೆ, "ಆಗ ಅವರ ಎದುರಿಗೇ ಹಂಗಂದ್ರಲ್ಲ ಅಕ್ಕಾ" ಎಂದಳು. ಕ್ಲಚ್ಚಕ್ಕ ತಲೆ ಎತ್ತಲಿಲ್ಲ.

"ನಿಮಗೆ ನೆನಪಿದ್ಯೋ ಇಲ್ವೋ. ಮೇಲ್ಸೇತುವೆ ಮೇಲೆ ನಾನು ಅತ್ತಿದ್ದೆ. ಹಿಂದಿನ ಸೀಟಲ್ಲಿ ಇನ್ನಿಬ್ರು ಇದ್ರು. ಅವರ ಮುಂದೆ ನೀವು, ಹೆದರೋರಿಗೆ ಸೈಕಲ್ ಇದೆ ಕಣೇ, ಕಾರು ಯಾಕೆ ಅಂದ್ರಿ. ಎಲ್ಲರೂ ನಕ್ರು. ನಾನೂ ನಕ್ಕೆ. ಮನೆಗೆ ಹೋಗಿ ಅಮ್ಮನ ಹತ್ರ ಇನ್ನು ಹೋಗಲ್ಲ ಅಂದೆ. ಪ್ರಪಂಚದಲ್ಲಿ ನಾನೊಬ್ಳೇ ಹೀಗೆ ಅಂದ್ಕೊಂಡಿದ್ದೆ. ನಿಮ್ಗೂ ಹಂಗೇ ಆಗುತ್ತೆ ಅಂತ ಅವತ್ತು ಒಂದು ಮಾತು ಹೇಳಿದ್ದಿದ್ರೆ..."

ಕಡ್ಡಿಯ ದನಿಯಲ್ಲಿ ಕೋಪವಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ಕೆಲಸದವರು ಕೀಲಿ ಕೇಳಿದರು, ಕಡ್ಡಿ ಕೊಡಲು ಹೋದಳು. ಲಾರಿಯ ಬಾಗಿಲು ಮುಚ್ಚಿಕೊಂಡಿತು. ಯಾರಿಗೂ ಕಾಣಬಾರದೆಂದು ಕ್ಲಚ್ಚಕ್ಕ ಬಯಸಿದ್ದು ಯಾರಿಗೂ ಕಾಣದಂತೆ ಒಳಗೆ ಹೋಯಿತು. ನೆಮ್ಮದಿ ಮಾತ್ರ ಆಗಲಿಲ್ಲ.

ಬಸ್ಸಿನಲ್ಲಿ ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದ.

"ರೀ, ಬೆಳಿಗ್ಗೆ ನಾನು..."

"ಬಿಡು. ನನಗೆ ಅಭ್ಯಾಸ ಆಗಿದೆ."

ಬೈದಿದ್ದರೆ ಅವಳು ಎದುರಾಡುತ್ತಿದ್ದಳೇನೋ. ಅಭ್ಯಾಸ ಆಗಿದೆ ಎಂದು ಅವನು ಅಷ್ಟು ಸಲೀಸಾಗಿ ಅಂದದ್ದು ಮುಖಕ್ಕೆ ಹೊಡೆದಂತಾಯಿತು.

ಸಂಜೆ ಶಾಲೆಯ ಕೋಣೆಯಲ್ಲಿ ಬೀಳ್ಕೊಡುಗೆ. ರಸ್ತೆ ಚಿಹ್ನೆಗಳ ಪಟಗಳನ್ನು ಇಳಿಸಿಯಾಗಿತ್ತು, ಗೋಡೆಯ ಮೇಲೆ ಅವುಗಳ ಬಿಳಿ ಗುರುತು ಮಾತ್ರ. ಮೂವತ್ತಕ್ಕೂ ಹೆಚ್ಚು ಹೆಂಗಸರು ಸೇರಿದ್ದರು, ಕಡ್ಡಿ ಬಾಗಿಲ ಬಳಿ ನಿಂತಿದ್ದಳು. ಬ್ಯಾಂಕಿನವಳು ಎದ್ದು ಅಕ್ಕನನ್ನು ಹೊಗಳಿ ಹೊಗಳಿ, ಕೊನೆಗೆ, "ನಮ್ಮ ಹೆದರಿಕೆ ಬಿಡಿಸಿದ ಅಕ್ಕನಿಗೆ ಮನೇಲೇ ಬ್ರೇಕ್ ಇತ್ತು ನೋಡಿ" ಎಂದು ಭಾವನತ್ತ ಕೈ ತೋರಿದಳು. ಎಲ್ಲರೂ ನಕ್ಕರು. ಭಾವನೂ ನಕ್ಕ.

ಕ್ಲಚ್ಚಕ್ಕ ಎದ್ದಳು. ಏನು ಹೇಳಬೇಕೆಂದು ಜೋಡಿಸಿಕೊಂಡಿರಲಿಲ್ಲ.

"ಅವರನ್ನ ಏನೂ ಅನ್ಬೇಡಿ," ಎಂದಳು. "ಅವರು ಬಿಡಲಿಲ್ಲ ಅನ್ನೋದು ಸುಳ್ಳು. ನನಗೆ ಹೈವೇ ಅಂದ್ರೆ ಭಯ. ಕೈಕಾಲು ನಿಂತೋಗುತ್ತೆ. ಲಾರಿ ಕರೆಸಿದ್ದು ನಾನೇ. ಇಷ್ಟು ವರ್ಷ ಅವರ ಮೇಲೆ ಹಾಕ್ಕೊಂಡು ಬಂದೆ. ಇವತ್ತು ಬೆಳಿಗ್ಗೆನೂ ಹಾಕ್ದೆ." ಆಮೇಲೆ ಬಾಗಿಲ ಕಡೆ ತಿರುಗಿ, "ನಿಮ್ಮಲ್ಲಿ ಹೆದರಿದೋರನ್ನೂ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೀನಿ. ನನ್ನ ಭಯ ಕಾಣಬಾರದು ಅಂತ" ಎಂದಳು.

ಅಯ್ಯೋ ಅದಕ್ಕೇನಂತೆ ಅಕ್ಕಾ ಎಂದು ಯಾರಾದರೂ ಅನ್ನುತ್ತಾರೆಂದು ಅವಳು ಒಳಗೊಳಗೇ ಕಾದಿದ್ದಳು. ಯಾರೂ ಅನ್ನಲಿಲ್ಲ. ಬ್ಯಾಂಕಿನವಳ ಮುಖ ಕೆಂಪೇರಿ, ಅವಳು ನೆಲ ನೋಡುತ್ತಿದ್ದಳು. ಮೂಲೆಯಲ್ಲಿ ಯಾರೋ ಕುರ್ಚಿ ಎಳೆದರು. ಚಹಾ ಬಂತು, ಎಲ್ಲರೂ ಬೇಗ ಬೇಗ ಕುಡಿದರು. ಹೋಗುವಾಗ ಕೆಲವರು ತಬ್ಬಿಕೊಂಡರು, ಕೆಲವರು ದೂರದಿಂದಲೇ ಕೈಬೀಸಿದರು. ಕಡ್ಡಿ ಹತ್ತಿರ ಬಂದು, "ಕಾರು ನಾಲ್ಕೈದು ದಿನದಲ್ಲಿ ತಲುಪುತ್ತೆ ಅಕ್ಕಾ. ಇಳಿಸ್ಕೊಳ್ಳುವಾಗ ಹೊಸ ಗೀರು ಇದ್ಯಾ ಅಂತ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಹೋದಳು.

ಮನೆಗೆ ಬರುವ ದಾರಿಯಲ್ಲಿ ಗಂಡ, "ಕೆಟ್ಟ ಗಂಡ ಅಂತ ಕಷ್ಟಪಟ್ಟು ಹೆಸರು ಸಂಪಾದಿಸಿದ್ದೆ, ಒಂದೇ ಮಾತಲ್ಲಿ ಕಳೆದ್ಯಲ್ಲೇ" ಎಂದ. ಅವಳು ನಗಲು ಹೋದಳು. ನೋಡಿದರೆ ಅವನು ಬೀದಿ ದೀಪದ ಕೆಳಗೆ ನಿಂತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಕಣ್ಣನ್ನೂ ಒರೆಸಿಕೊಂಡ. ಆಗ ಅವಳಿಗೆ ತಿಳಿಯಿತು, ಅವನಿಗೆ ಅಭ್ಯಾಸವೇನೂ ಆಗಿರಲಿಲ್ಲ ಎಂದು.

ಮರುದಿನ ಇಬ್ಬರೂ ರೈಲಿನಲ್ಲಿ ಹೊರಟರು. ಕಾರು ಹೊಸ ಗೀರಿಲ್ಲದೆ ತಲುಪಿತು. ಕೆಲವು ವಾರಗಳಾದ ಮೇಲೆ ಬ್ಯಾಂಕಿನವಳು ಭಾವನಿಗೇ ಫೋನು ಮಾಡಿ ಕ್ಷಮೆ ಕೇಳಲು ಶುರುಮಾಡಿದಳಂತೆ. ಅವನಿಗೆ ಮುಜುಗರವಾಗಿ, "ಹಲೋ, ಹಲೋ, ಕೇಳಿಸ್ತಿಲ್ಲಮ್ಮಾ" ಎಂದು ಇಟ್ಟುಬಿಟ್ಟ.

ತಂಗಿಯ ಶಾಲೆಯಲ್ಲಿ ಹೊಸಬರು ಸೇರಿದಾಗಲೆಲ್ಲ ಮೊದಲ ದಿನವೇ ಕ್ಲಚ್ಚಕ್ಕ ಹೇಳಿಬಿಡುತ್ತಾಳೆ: "ಊರೊಳಗೆ ನಾನು ಕಲಿಸ್ತೀನಿ. ಹೈವೇ ಪಾಠ ನನ್ನ ತಂಗೀದು. ನನಗೆ ಭಯ." ಕೆಲವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಒಬ್ಬಿಬ್ಬರು ಮರುದಿನ ಬರುವುದಿಲ್ಲ. ಎಷ್ಟು ಸಲ ಹೇಳಿದರೂ, ಹೇಳುವಾಗ ಅವಳ ಕಿವಿ ಬಿಸಿಯಾಗುತ್ತದೆ.