ಬಾಗಿಲ ಹೊರಗಿನ ತಂಬಿಗೆ

ದೆವ್ವ, ಮಾಟ, ಪವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುವ ಜಾತಿ ನನ್ನದು. ಹೊಟ್ಟೆಪಾಡಿಗೆ ನಾನು ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ಅಲ್ಲಿ ಒಂದು ದೋಷ ಕಂಡಿತೆಂದು ಬರೀ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಇನ್ನೊಂದು ಸಲ ಅದನ್ನೇ ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಅದು ನಡೆದೇ ಇಲ್ಲ ಎಂದು ಲೆಕ್ಕ. ಈ ನಿಯಮ ನನಗೆ ಚೆನ್ನಾಗಿ ಒಗ್ಗಿತ್ತು. ಈಗ ನಾನೇ ಒಂದು ಸಂಗತಿ ಹೇಳಲು ಹೊರಟಿದ್ದೇನೆ. ಅದನ್ನು ಮತ್ತೆ ಮಾಡಿ ತೋರಿಸಲು ನನ್ನಿಂದ ಆಗದು, ಆಗುವಂತಿದ್ದರೂ ಮಾಡುವುದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲು ನಮ್ಮ ತಿರುಗಾಟದ ಹುಚ್ಚಿನ ಬಗ್ಗೆ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹಾವೇರಿಯಲ್ಲಿ. ಹಂಪಿ ಎಷ್ಟು ದೂರ, ಕಾರವಾರದ ಕಡಲು ಎಷ್ಟು ದೂರ? ಆದರೂ ಎರಡನ್ನೂ ನೋಡದೆ ದೊಡ್ಡವಳಾದೆ. ಶಾಲೆಯಿಂದ ಪ್ರವಾಸ ಹೊರಟಾಗೆಲ್ಲ ಅಪ್ಪ "ಸಣ್ಣಾಕಿ ಅದಿ, ಮುಂದ ನೋಡೂಣು" ಎನ್ನುತ್ತಿದ್ದರು. ಕಾಲೇಜಿಗೆ ಬಂದ ಮೇಲೆ "ಮದುವಿ ಆದಮ್ಯಾಲ ಗಂಡನ ಜೋಡಿ ನೋಡು" ಎಂದಾಯಿತು. ಕೆಟ್ಟವರಲ್ಲ ನಮ್ಮಪ್ಪ, ಕೇಳಿದ ಪುಸ್ತಕವನ್ನೆಲ್ಲ ತಂದುಕೊಟ್ಟವರು. ಆದರೆ ಆ 'ಮುಂದ' ಎನ್ನುವ ಮಾತು ನನ್ನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕುಳಿತುಬಿಟ್ಟಿತ್ತು. ನನ್ನ ಮಕ್ಕಳಿಗೆ ಈ ಮಾತು ಹೇಳುವುದಿಲ್ಲ ಎಂದು ಅವರು ಹುಟ್ಟುವ ಮೊದಲೇ ತೀರ್ಮಾನಿಸಿದ್ದೆ.

ಹಾಗಾಗಿ ದೊಡ್ಡ ಮಗಳು ಇಂಚರ ಅಂಬೆಗಾಲಿಡುವಾಗಲೇ ಹಂಪಿ ನೋಡಿದಳು. ಚಿಕ್ಕವಳು ಸಿರಿ ಹಲ್ಲು ಬರುವ ಮುಂಚೆ ಬಾದಾಮಿಯ ಗುಹೆಯಲ್ಲಿ ಹಾಲು ಕುಡಿದಳು. ಬ್ರೂಕ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಪ್ರವಾಸವೆಂದರೆ ಮಾಲಿನ ಎಸ್ಕಲೇಟರ್ ಹತ್ತಿ ಇಳಿಯುವುದು. ಅವರ ಅಮ್ಮಂದಿರು ಲಿಫ್ಟಿನಲ್ಲಿ ನನ್ನನ್ನು ನೋಡಿದಾಗಲೆಲ್ಲ "ಇಷ್ಟು ಚಿಕ್ಕೋರಿಗೆ ಏನು ನೆನಪಿರತ್ತೆ ಹೇಳಿ, ದುಡ್ಡು ದಂಡ" ಎನ್ನುವರು. ನಾನು ಹೇಳುತ್ತಿದ್ದೆ, "ಎದೆಹಾಲು ಕುಡಿದಿದ್ದೂ ನೆನಪಿರಲ್ಲ ಕಣ್ರೀ. ಹಾಗಂತ ಕುಡಿಸದೇ ಬಿಟ್ರಾ?" ಅಲ್ಲಿಗೆ ಅವರ ಮಹಡಿ ಬರುತ್ತಿತ್ತು.

ಮನೆಯಲ್ಲಿ ನನ್ನ ಎದುರಾಳಿ ಅತ್ತೆ. ರಾಣೆಬೆನ್ನೂರಿನ ಕಡೆಯವರು, ಸಿರಿ ಹುಟ್ಟಿದಾಗ ಬಾಣಂತನಕ್ಕೆಂದು ಬಂದವರು ನಮ್ಮೊಂದಿಗೇ ಉಳಿದರು. ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡೇ ಚಹಾ ಕುಡಿಯುವವರು. "ಕೂಸಿಗೆ ಏನ್ ತಿಳಿತೈತಿ? ತಿರುಗಿಸಿ ತಿರುಗಿಸಿ ಬಡಕ ಮಾಡ್ತೀರಿ. ಸ್ವಲ್ಪ ದೊಡ್ಡಾಗಲಿ" ಎಂದು ಪ್ರತಿ ಸಲವೂ ಜಗಳ. ಜೊತೆಗೆ ಬನ್ನಿ ಎಂದರೆ "ಮನ್ಯಾಗ ಯಾರರ ಇರಬೇಕಲ್ಲ" ಎಂದು ಕುಳಿತುಬಿಡುವರು. ಆದರೆ ನಾವು ಎಲ್ಲಿಂದ ಬಂದರೂ, ಎಷ್ಟು ಹೊತ್ತಿಗೆ ಬಂದರೂ, ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ ತಂಬಿಗೆಯ ನೀರಿನಿಂದ ಕಾಲು ತೊಳೆದು, ರೊಟ್ಟಿಯ ಚೂರು ನಿವಾಳಿಸಿ ಎಸೆದು, ಹಣೆಗೆ ವಿಭೂತಿ ಹಚ್ಚಿದ ಮೇಲೆಯೇ ಒಳಗೆ ಬಿಡುತ್ತಿದ್ದರು. ಕಾರಿಡಾರಿನ ಟೈಲ್ಸ್ ಒದ್ದೆಯಾಗುತ್ತದೆಂದು ನಾನು ಗೊಣಗುತ್ತಿದ್ದೆ. ಮಕ್ಕಳಿಗೆ ಮಾತ್ರ ಪ್ರವಾಸದಲ್ಲೇ ಅತಿ ಖುಷಿಯ ಭಾಗ ಅದೇ.

ಕೆಲವು ವರ್ಷಗಳ ಹಿಂದೆ, ಸಿರಿಗೆ ಮೂರು ತುಂಬಿದ ಮೇಲೆ, ನಾವು ನಾಲ್ವರು ಶ್ರೀಲಂಕಾಕ್ಕೆ ಹೋದೆವು. ನಮ್ಮ ಮಟ್ಟಿಗೆ ಅದೇ ಮೊದಲ ಪರದೇಶ. ಅಲ್ಲಿ ಬೆಟ್ಟದ ಮೇಲಿನ ಒಂದು ಊರಿನಲ್ಲಿ ಬಹಳ ದೊಡ್ಡ ಸಸ್ಯೋದ್ಯಾನವಿದೆ. ಹಿಂದಿನ ದಿನವೆಲ್ಲ ಮಳೆ ಸುರಿದು ದಾರಿಯೆಲ್ಲ ಕೆಂಪು ರಾಡಿಯಾಗಿತ್ತು. ಆ ಬೆಳಿಗ್ಗೆ ಹೋಟೆಲಿನ ಮಂಚದ ಮೇಲೆ ಕೂರಿಸಿಕೊಂಡು ಸಿರಿಗೆ ಕೆಂಪು ಚಪ್ಪಲಿ ಹಾಕಿದ್ದು ನಾನೇ. ಕಾಡುಗೋಡಿಯ ಮಾರ್ಕೆಟ್ಟಿನಲ್ಲಿ ತೆಗೆದುಕೊಂಡದ್ದು, ಬಲಗಾಲಿನದರ ಬಕಲ್ ಸಡಿಲವಿತ್ತು. ಅದನ್ನು ಎರಡು ಸಲ ಬಿಗಿ ಮಾಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನನ್ನ ಗಂಡ ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇವರಿಗೆ ಆಫೀಸಿನಿಂದ ಫೋನ್ ಬಂತು. ರಜೆ ಹಾಕಿದ್ದರೂ ಮೀಟಿಂಗಿಗೆ ಕಿವಿ ಕೊಡುವ ಚಾಳಿ ನಮ್ಮ ಕಡೆಯ ಗಂಡಸರಿಗೆಲ್ಲ ಇರುವುದೇ. ಇವರು ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಮರದ ಕೆಳಗೆ ನಿಂತರು. ನಾನು ಇಂಚರಳನ್ನು ಬಿದಿರಿನ ಮೆಳೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಸಿರಿ ಇವರ ಹತ್ತಿರ ಇದ್ದಾಳೆಂದು ನಾನು, ನನ್ನ ಹತ್ತಿರ ಇದ್ದಾಳೆಂದು ಇವರು. ತಿರುಗಿ ನೋಡಿದರೆ ಮಗು ಇಲ್ಲ.

ನಿಮ್ಮ ಮಗು ಒಂದೇ ಒಂದು ಸಲವೂ ಕಣ್ತಪ್ಪಿಲ್ಲವಾದರೆ ನಿಮಗೊಂದು ದೊಡ್ಡ ನಮಸ್ಕಾರ. ನನ್ನದು ತಪ್ಪಿತು. ಹೆಸರು ಹಿಡಿದು ಕೂಗುತ್ತ ಓಡಿದೆ. ಆ ತೋಟದ ಹಿಂದೆ ತುಂಬಿ ಹರಿಯುವ ಹೊಳೆಯಿತ್ತು. ಅದರ ಸದ್ದು ಅಷ್ಟು ಹೊತ್ತು ಕೇಳಿಸಿರಲಿಲ್ಲ, ಆಗ ಬರೀ ಅದೇ ಕೇಳಿಸುತ್ತಿತ್ತು. ಎಷ್ಟು ಹೊತ್ತು ಹುಡುಕಿದೆವೋ ಹೇಳಲಾರೆ.

ಕಡೆಗೆ ಬೀಗ ಹಾಕಿದ್ದ ಒಂದು ಗಾಜಿನ ಮನೆಯ ಮೆಟ್ಟಿಲ ಮೇಲೆ ಸಿಕ್ಕಳು. ಅದೇ ಜಾಗವನ್ನು ಒಮ್ಮೆ ನೋಡಿಕೊಂಡೇ ಹೋಗಿದ್ದೆ. ಕಾಲು ಇಳಿಬಿಟ್ಟುಕೊಂಡು ಆರಾಮವಾಗಿ ಕುಳಿತಿದ್ದಳು. ಅಪ್ಪಿಕೊಂಡು ಅತ್ತು ಸುಧಾರಿಸಿಕೊಂಡ ಮೇಲೆ ಅವಳನ್ನು ನೋಡಿದೆ. ಹಣೆಯ ಮೇಲೆ ವಿಭೂತಿ. ಕಾಲಲ್ಲಿ ಚಪ್ಪಲಿಯಿಲ್ಲ. ನಾವೆಲ್ಲ ಮೊಣಕಾಲವರೆಗೆ ರಾಡಿಯಾಗಿದ್ದೆವು, ಅವಳ ಪಾದಗಳು ಮಾತ್ರ ಆಗಷ್ಟೇ ತೊಳೆದ ಹಾಗೆ ಒದ್ದೆಯಾಗಿ, ಸ್ವಚ್ಛವಾಗಿ ಇದ್ದವು.

"ಎಲ್ಲಿಗೆ ಹೋಗಿದ್ದೆ ಬಂಗಾರಿ?" ಎಂದೆ.

"ಅಜ್ಜಿ ಹತ್ರ. ಅಜ್ಜಿ ಕಾಲು ತೊಳೆದ್ಲು. ನೀರು ತಣ್ಣಗಿತ್ತು" ಎಂದಳು.

ನಾನು ಇವರ ಮುಖ ನೋಡಿದೆ. ಇವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಅತ್ತೆ. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ, ಅಷ್ಟು ಜೋರಾಗಿ ಕೂಗುತ್ತಿದ್ದರು.

"ಏನೋ ಇದು? ಕೂಸಿನ್ನ ಒಂದನ್ನ ಯಾಕ ಮ್ಯಾಲೆ ಕಳಿಸಿದ್ರಿ? ಈಗ ಎಲ್ಲಿ ಹೋತು ಅದು? ಲಿಫ್ಟಿನ್ಯಾಗೂ ಇಲ್ಲ, ಗೇಟಿನ ಹತ್ರಾನೂ ಇಲ್ಲ!"

"ಅವ್ವಾ, ನಾವಿನ್ನೂ ಇಲ್ಲೇ ಅದೀವಿ. ಸಿರಿ ನಮ್ಮ ಜೋಡೀನ ಅದಾಳ" ಎಂದರು ಇವರು.

ಅತ್ತೆ ಹೇಳಿದ್ದು ಇಷ್ಟು. ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರಂತೆ. ಬಾಗಿಲ ಕೆಳಭಾಗದಲ್ಲಿ ಯಾರೋ ಸಣ್ಣಗೆ ಬಡಿದ ಹಾಗಾಯಿತು. ಸಿರಿಗೆ ಕಾಲಿಂಗ್ ಬೆಲ್ ಎಟುಕುವುದಿಲ್ಲ, ಅವಳು ಹಾಗೆಯೇ ಬಡಿಯುವುದು. ತೆರೆದರೆ ಅವಳೇ, ಕಾಲೆಲ್ಲ ರಾಡಿ, ಅಳುತ್ತಿದ್ದಳು. ನಾವು ಬೇಗನೆ ಹಿಂದಿರುಗಿದ್ದೇವೆ, ಹಿಂದೆ ಸಾಮಾನು ಹಿಡಿದುಕೊಂಡು ಲಿಫ್ಟಿನಲ್ಲಿ ಬರುತ್ತಿದ್ದೇವೆ ಎಂದುಕೊಂಡು, ಯಾವಾಗಿನ ಹಾಗೆ ಚಪ್ಪಲಿ ಬಿಚ್ಚಿಸಿ ಕಾಲು ತೊಳೆದು ನಿವಾಳಿಸಿ ವಿಭೂತಿ ಹಚ್ಚಿದರು. ಒರೆಸಲು ಬಟ್ಟೆ ತರುತ್ತೇನೆಂದು ಒಳಗೆ ಹೋಗಿ ಬಂದರೆ ಹೊಸ್ತಿಲಲ್ಲಿ ಬರೀ ನೀರು. ಕೆಳಗೆ ಓಡಿ ಸೆಕ್ಯುರಿಟಿಯವನನ್ನು ಕೇಳಿದರೆ "ಯಾರೂ ಬಂದಿಲ್ಲ ಅಮ್ಮ" ಎಂದನಂತೆ.

ಇವರಿಗೆ ಎಲ್ಲದಕ್ಕೂ ಉತ್ತರವಿದೆ. ಆ ಊರಿನ ಸುತ್ತ ಟೀ ತೋಟಗಳಲ್ಲಿ ತಮಿಳರು ಬೇಕಾದಷ್ಟಿದ್ದಾರೆ, ವಿಭೂತಿ ಅವರಿಗೇನು ಹೊಸದೇ? ಅಳುವ ಮಗುವನ್ನು ಕಂಡ ಯಾವುದೋ ಹೆಂಗಸು ನಲ್ಲಿಯ ಹತ್ತಿರ ಕಾಲು ತೊಳೆದು, ಹಣೆಗೆ ಹಚ್ಚಿ, ಮೆಟ್ಟಿಲ ಮೇಲೆ ಕೂರಿಸಿ ಹೋಗಿರಬೇಕು. ಅಜ್ಜಿಯ ವಯಸ್ಸಿನವಳಾದ್ದರಿಂದ ಮಗು ಅಜ್ಜಿ ಎಂದಿತು. ಅವ್ವನಿಗೆ ಮಧ್ಯಾಹ್ನದ ಜೊಂಪು, ಕನಸು ಕಂಡಳು. ಎಷ್ಟು ಸಲೀಸಾದ ಉತ್ತರ! ನನಗೂ ಅದೇ ಬೇಕಾಗಿತ್ತು, ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ದಿನ ಬಿಟ್ಟು ಬ್ರೂಕ್‌ಫೀಲ್ಡಿಗೆ ಬಂದು ಲಿಫ್ಟಿನಿಂದ ಇಳಿಯುವವರೆಗೂ ಹಿಡಿದುಕೊಂಡೇ ಇದ್ದೆ.

ನಮ್ಮ ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ, ಅತ್ತೆಯ ಚಪ್ಪಲಿಯ ಪಕ್ಕದಲ್ಲಿ, ಸಿರಿಯ ಕೆಂಪು ಚಪ್ಪಲಿ ಇದ್ದವು. ಒಣಗಿದ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಬಲಗಾಲಿನ ಪಟ್ಟಿ ನಾನು ಬಿಗಿ ಮಾಡಿದ ತೂತಿನ ಹತ್ತಿರವೇ ಮಡಚಿಕೊಂಡಿತ್ತು.

"ಅವನ್ನು ನಾವು ಒಯ್ದೇ ಇರಲಿಲ್ಲ. ಸಿರಿ ಶೂ ಹಾಕಿಕೊಂಡಿದ್ದಳು, ಅದು ಅಲ್ಲಿ ಕಳೆಯಿತು" ಎಂದರು ಇವರು. ಕೆಂಪು ಮಣ್ಣಿಗೆ ವೈಟ್‌ಫೀಲ್ಡಿನಲ್ಲೇನು ಬರವೇ, ರಸ್ತೆ ಬದಿಯೆಲ್ಲ ಅಗೆದು ಹಾಕಿದ್ದಾರೆ ಎಂದೂ ಸೇರಿಸಿದರು. ನಾನು ಫೋನ್ ತೆಗೆದು ಆ ದಿನದ ಫೋಟೋಗಳನ್ನೆಲ್ಲ ಹುಡುಕಿದೆ. ಒಂದರಲ್ಲಿ ಹುಲ್ಲು ಮುಚ್ಚಿದೆ, ಇನ್ನೊಂದರಲ್ಲಿ ಅಕ್ಕ ಅಡ್ಡ ನಿಂತಿದ್ದಾಳೆ, ಮತ್ತೊಂದರಲ್ಲಿ ಅಪ್ಪನ ಹೆಗಲ ಮೇಲಿದ್ದಾಳೆ, ಅರ್ಧಕ್ಕೇ ಕತ್ತರಿಸಿದೆ. ಅಷ್ಟು ಚಿತ್ರಗಳಲ್ಲಿ ಒಂದರಲ್ಲೂ ಅವಳ ಪಾದವಿಲ್ಲ. ಇರುವುದು ನನ್ನ ಬೆರಳುಗಳಿಗಿರುವ ನೆನಪೊಂದೇ.

ಆ ಸಂಜೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಗೆಲ್ಲುತ್ತಿದ್ದೆ. "ನಾ ಮನ್ಯಾಗ ಇರದಿದ್ರ, ಬಾಗ್ಲಾ ತಗೀದಿದ್ರ, ಆ ಕೂಸು ಎಲ್ಲಿಗೆ ಹೋಗ್ತಿತ್ತು ಹೇಳು ಯವ್ವಾ" ಎಂದರು. ಕೂಸು ದೊಡ್ಡದಾಗುವವರೆಗೆ ತಿರುಗಾಟ ಸಾಕೆಂದರು. ಹಾವೇರಿಯಿಂದ ನನ್ನ ಅವ್ವನೂ ಫೋನ್ ಮಾಡಿ ಅದನ್ನೇ ಹೇಳಿದಳು. ಇವರು ಕನಸು ಗಿನಸು ಎನ್ನುತ್ತಲೇ "ಸ್ವಲ್ಪ ದಿನ ತಿರುಗಾಟ ಬೇಡ ಬಿಡು" ಎಂದರು. ನಂಬುವವರೂ ನಂಬದವರೂ ಒಟ್ಟಾಗಿ ನನ್ನನ್ನು ಮನೆಯಲ್ಲಿ ಕೂರಿಸಿದರು. ಸೂಟ್‌ಕೇಸುಗಳು ಅಟ್ಟ ಸೇರಿದವು. ಶನಿವಾರ ಬಂದರೆ ನಾವೂ ಮಾಲಿಗೆ ಹೋಗಿ ಎಸ್ಕಲೇಟರ್ ಹತ್ತತೊಡಗಿದೆವು.

ಹೀಗೆಯೇ ಒಂದು ವರ್ಷದ ಮೇಲಾಯಿತು. ದಸರಾ ರಜೆಯ ಮುಂಚೆ ಇಂಚರ ಬಂದು, "ಅಮ್ಮ, ಈ ಸಲ ಎಲ್ಲಿಗೆ?" ಎಂದಳು. ಚಪಾತಿ ಲಟ್ಟಿಸುತ್ತಿದ್ದವಳು ತಲೆ ಎತ್ತದೆಯೇ, "ಸಿರಿ ಇನ್ನೂ ಸಣ್ಣೋಳು. ಮುಂದೆ ನೋಡೋಣ" ಎಂದೆ.

ಲಟ್ಟಣಿಗೆ ಕೈಯಲ್ಲೇ ನಿಂತಿತು. ಇಂಚರ ಸರಿ ಎಂದು ತಲೆಯಾಡಿಸಿ ಹೊರಟುಹೋದಳು. ಆ ತಲೆಯಾಡಿಸುವುದು ನನಗೆ ಚೆನ್ನಾಗಿ ಗೊತ್ತು. ಹಾವೇರಿಯ ಮನೆಯಲ್ಲಿ ಅಪ್ಪನ ಎದುರು ನಾನು ಎಷ್ಟು ವರ್ಷ ಹಾಗೆಯೇ ತಲೆಯಾಡಿಸಿದ್ದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಮಧ್ಯಾಹ್ನ ನಡೆದದ್ದು ಏನೇ ಇರಲಿ, ದೇವರ ಕರುಣೆಯಿರಲಿ, ಯಾರೋ ಪುಣ್ಯಾತ್ಗಿತ್ತಿಯ ಕೈಯಿರಲಿ, ನನ್ನ ಮಗಳು ನನಗೆ ವಾಪಸ್ಸು ಸಿಕ್ಕಳು. ಅದಕ್ಕೆ ಕೃತಜ್ಞಳಾಗಿರುತ್ತೇನೆ, ಹೆದರಿಕೊಂಡು ಕೂರುವುದಿಲ್ಲ ಎಂದುಕೊಂಡೆ. ಕೈಯ ಹಿಟ್ಟು ತೊಳೆದು ಬಂದು ಕಾರವಾರದ ರೈಲಿಗೆ ಟಿಕೆಟ್ ಮಾಡಿದೆ. ಅತ್ತೆಯದನ್ನೂ ಸೇರಿಸಿ.

ಅತ್ತೆ ಕೂಗಾಡಿದರು. "ನಾನೂ ಬಂದ್ರ ಬಾಗ್ಲಾ ತಗಿಯೋರು ಯಾರು?"

"ಅತ್ತಿ, ಸಿರಿ ನಿಮ್ಮ ಕೈ ಹಿಡಕೊಂಡೇ ಇರ್ತಾಳಲ್ಲ. ನೀವಿಲ್ಲದ ಮನೀಗೆ ಅಕಿ ಯಾಕ ಬರ್ತಾಳ್ರಿ?" ಎಂದೆ. ಅವರು ಎದ್ದು ಹೋಗಿ ಸೀರೆ ತೆಗೆದಿಡತೊಡಗಿದರು. ಆದರೆ ಹೊರಡುವಾಗ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ತಂಬಿಗೆಯ ತುಂಬ ನೀರಿಟ್ಟರು. ನಾನು ಬೇಡವೆನ್ನಲಿಲ್ಲ.

ರೈಲು ಹತ್ತಿ ಕುಳಿತಿದ್ದೆವೋ ಇಲ್ಲವೋ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ತಂಬಿಗೆಯ ಫೋಟೋ ಬಂತು. ಕಾರಿಡಾರಿನಲ್ಲಿ ಪಾತ್ರೆ ಇಟ್ಟವರು ಯಾರು, ನಿಯಮ ಗೊತ್ತಿಲ್ಲವೇ, ಕೂಡಲೇ ತೆಗೆಯಿರಿ. "ನಮ್ಮದು. ಅಲ್ಲೇ ಇರುತ್ತದೆ" ಎಂದು ಬರೆದು ಫೋನ್ ಆಫ್ ಮಾಡಿದೆ.

ಕಾರವಾರದಲ್ಲಿ ಅತ್ತೆ ಸೀರೆ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸಿರಿಯನ್ನು ಹಿಡಿದುಕೊಂಡು ನೀರಿಗಿಳಿದರು. ಅಲೆ ಬಂದು ಇಬ್ಬರ ಕಾಲನ್ನೂ ತೊಳೆದು ಹೋಯಿತು. ಜೀವಮಾನದಲ್ಲಿ ಮೊದಲ ಸಲ ಕಡಲು ನೋಡಿದ ನನ್ನ ಅತ್ತೆ ಹಿಂದಿರುಗಿ, ನಿಜವಾದ ಸಿಟ್ಟಿನಿಂದ ನನ್ನನ್ನೇ ಗದರಿದರು, "ಇಷ್ಟು ದಿನ ಯಾಕ ಕರಕೊಂಡ ಬರಲಿಲ್ಲ?"

ಊರಿಗೆ ಬಂದಾಗ ತಂಬಿಗೆ ಇಟ್ಟಲ್ಲೇ ಇತ್ತು. ನೀರು ಅರ್ಧವಾಗಿತ್ತು. ಸೆಕೆಗೆ ಆರಿದೆ ಎಂದರು ಇವರು. ಇರಬಹುದು. ಅದರ ಮೇಲೆ ನಾನು ವಾದ ಮಾಡುವುದಿಲ್ಲ.

ಆ ಕೆಂಪು ಚಪ್ಪಲಿ ಈಗ ಸಿರಿಯ ಅಂಗೈಗೂ ಚಿಕ್ಕವಾಗಿವೆ, ಆದರೂ ಸ್ಟ್ಯಾಂಡಿನಲ್ಲೇ ಇವೆ. ಮಣ್ಣನ್ನು ನಾನು ಉಜ್ಜಿಲ್ಲ. ಅವು ಸಮುದ್ರ ದಾಟಿ ನಮಗಿಂತ ಮೊದಲು ಮನೆಗೆ ಹೇಗೆ ಬಂದವೆಂದು ನನಗೆ ತಿಳಿಯದು. ಬರಲೇ ಇಲ್ಲವೆನ್ನಲು ನನ್ನ ಬೆರಳುಗಳು ಒಪ್ಪವು. ನಿಮ್ಮಲ್ಲಿ ಯಾರಿಗಾದರೂ ಇದನ್ನು ಬಿಡಿಸಿ ಹೇಳಲು ಬರುವುದಾದರೆ ದಯವಿಟ್ಟು ಬನ್ನಿ, ಒಳ್ಳೆಯ ಚಹಾ ಮಾಡಿಕೊಡುತ್ತೇನೆ. ಬರುವ ಮುಂಚೆ ಒಂದು ಫೋನ್ ಮಾಡಿ. ರಜೆ ಬಂತೆಂದರೆ ಬಾಗಿಲಲ್ಲಿ ಬರೀ ತಂಬಿಗೆಯಿರುತ್ತದೆ. ನಾವು ಐದೂ ಜನ ಎಲ್ಲಿಗೋ ಹೊರಟಿರುತ್ತೇವೆ.